ಬರೋಕ್ ಚಿತ್ರಗಳ ಸಂಗೀತಗಾರರು ಮತ್ತು ನೆರಳು-ಬೆಳಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕತ್ತಲ ಕೋಣೆ. ಒಂದೇ ಕಡೆಯಿಂದ ಬೀಳುವ ಬೆಳಕು. ಆ ಬೆಳಕಲ್ಲಿ ತಂತಿ ಮೀಟುತ್ತಿರುವ ಒಂದು ಕೈ. ನಾಲ್ಕು ನೂರು ವರ್ಷ ಹಳೆಯ ಈ ಯುರೋಪಿನ ಚಿತ್ರಗಳನ್ನು ಯಾರಿಗೆ ತೋರಿಸಿದರೂ ಸುಮಾರು ಇವೇ ಪ್ರಶ್ನೆಗಳು ಬರುತ್ತವೆ. ನಾನು ಚಿಕ್ಕಂದಿನಲ್ಲಿ ಏಳು ವರ್ಷ ವೀಣೆ ಕಲಿತವಳು. ಅದಕ್ಕೇ ಇರಬೇಕು, ಚಿತ್ರ ನೋಡುವಾಗ ನನ್ನ ಕಣ್ಣು ಮುಖಕ್ಕಿಂತ ಮೊದಲು ಬೆರಳುಗಳಿಗೆ ಹೋಗುತ್ತದೆ. ಉತ್ತರಗಳಲ್ಲೂ ಅದು ಕಾಣಿಸುತ್ತದೆ.

ಬರೋಕ್ ಅಂದರೆ ಯಾವ ಕಾಲ?

ಸುಮಾರು 1600ರಿಂದ 1750ರವರೆಗೆ. ಇದು ರೋಮಿನಲ್ಲಿ ಶುರುವಾಗಿ ಯುರೋಪಿನ ಬೇರೆ ಕಡೆಗೂ ಹರಡಿತು. ಸಂಗೀತದಲ್ಲೂ ಇದೇ ಹೆಸರು, ಹೆಚ್ಚುಕಡಿಮೆ ಇದೇ ಕಾಲ. ಇಲ್ಲಿ ಹೇಳುವ ಚಿತ್ರಗಳಲ್ಲಿ ಹೆಚ್ಚಿನವು 1595ರಿಂದ 1660ರ ಒಳಗಿನವು. ಇಟಲಿ, ಹಾಲೆಂಡ್, ಲೊರೇನ್ (ಈಗ ಫ್ರಾನ್ಸಿನಲ್ಲಿದೆ) ಕಡೆಯವು.

ಕಿಯಾರೊಸ್ಕೂರೊ, ಟೆನೆಬ್ರಿಸಂ ಎರಡೂ ಒಂದೇನಾ?

ಒಂದೇ ಅಲ್ಲ, ಆದರೆ ಒಂದೇ ಮನೆತನದವು. ಇಟಾಲಿಯನ್‌ನಲ್ಲಿ ಕಿಯಾರೊ ಅಂದರೆ ತಿಳಿ, ಸ್ಕೂರೊ ಅಂದರೆ ಗಾಢ. ಒಂದು ಕಿತ್ತಳೆಹಣ್ಣನ್ನು ಕಿಟಕಿ ಪಕ್ಕ ಇಟ್ಟು ನೋಡಿ. ಒಂದು ಮಗ್ಗುಲು ಬೆಳಗುತ್ತದೆ, ಇನ್ನೊಂದು ನಿಧಾನವಾಗಿ ಮಬ್ಬಾಗುತ್ತದೆ. ಅದರಿಂದಲೇ ಹಣ್ಣು ಗುಂಡಗಿದೆ ಅಂತ ಕಣ್ಣಿಗೆ ಗೊತ್ತಾಗುವುದು. ಹೀಗೆ ಉಬ್ಬು ತಗ್ಗು ತೋರಿಸುವುದೇ ಕಿಯಾರೊಸ್ಕೂರೊ. ಬರೋಕ್‌ಗಿಂತ ಎಷ್ಟೋ ಮೊದಲು ಲಿಯೊನಾರ್ಡೊ ಡ ವಿಂಚಿ ಇದನ್ನು ಚೆನ್ನಾಗಿ ಬಳಸಿದ್ದ.

ಟೆನೆಬ್ರಿಸಂ ಅದರ ಕೊನೆಯ ತುದಿ. ಇಲ್ಲಿ ಕತ್ತಲೇ ಜಾಸ್ತಿ. ಹಿಂದಿನ ಗೋಡೆ, ನೆಲ, ಎಷ್ಟೋ ಸಲ ಅರ್ಧ ಮೈ ಕೂಡ ಕತ್ತಲಲ್ಲಿ ಮುಳುಗಿರುತ್ತದೆ. ಬೆಳಕು ಎಲ್ಲಿ ಬೇಕೋ ಅಲ್ಲಿ ಮಾತ್ರ ಬೀಳುತ್ತದೆ. 'ಟೆನೆಬ್ರೋಸೊ' ಅಂದರೆ ಕತ್ತಲು ಕವಿದ ಅಂತ.

ಇದನ್ನೆಲ್ಲ ಶುರು ಮಾಡಿದ್ದು ಕಾರಾವಾಜ್ಜೊ ಅಂತಾರೆ. ಆದರೆ ಅವನ ಸಂಗೀತಗಾರರ ಚಿತ್ರಗಳು ಅಷ್ಟು ಕತ್ತಲಾಗಿಲ್ವಲ್ಲ?

ಒಳ್ಳೆಯ ಪ್ರಶ್ನೆ. ಚಿತ್ರವನ್ನು ನಿಜವಾಗಿ ನೋಡಿದವರು ಮಾತ್ರ ಇದನ್ನು ಕೇಳುತ್ತಾರೆ.

ಕಾರಾವಾಜ್ಜೊ (1571-1610) ರೋಮಿನಲ್ಲಿ ಕಾರ್ಡಿನಲ್ ಫ್ರಾನ್ಸೆಸ್ಕೊ ಮರಿಯಾ ದೆಲ್ ಮೊಂತೆಯ ಅರಮನೆಯಲ್ಲಿ ಇದ್ದಾಗ ಸಂಗೀತದ ಚಿತ್ರಗಳನ್ನು ಬರೆದ. ದೆಲ್ ಮೊಂತೆ ಸಂಗೀತದ ಹುಚ್ಚು ಇದ್ದವನು. ಫ್ಲಾರೆನ್ಸಿನ ಮೆಡಿಚಿ ಮನೆತನದ ಪ್ರತಿನಿಧಿಯಾಗಿ ರೋಮಿನಲ್ಲಿ ಇದ್ದ. ಅವನಿಗಾಗಿ ಬರೆದ 'ಸಂಗೀತಗಾರರು' ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. 1952ರಲ್ಲಿ ಅವರು ಅದನ್ನು ಕೊಂಡರು. ಸುಮಾರು 92 ಸೆಂಟಿಮೀಟರ್ ಎತ್ತರ, 118 ಸೆಂಟಿಮೀಟರ್ ಅಗಲ. ಅಷ್ಟು ಜಾಗದಲ್ಲಿ ನಾಲ್ಕು ಹುಡುಗರು ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದಾರೆ. ನಡುವಿನವನು ಲ್ಯೂಟ್ (ಬೆರಳಿನಿಂದ ಮೀಟುವ ತಂತಿವಾದ್ಯ) ಶ್ರುತಿ ಮಾಡುತ್ತಿದ್ದಾನೆ, ಅವನ ಕಣ್ಣು ತೇವವಾಗಿದೆ. ಒಬ್ಬ ನಮಗೆ ಬೆನ್ನು ಹಾಕಿ ಹಾಡಿನ ಪುಸ್ತಕ ನೋಡುತ್ತಿದ್ದಾನೆ. ಹಿಂದೆ ಕೊಂಬಿನಂಥ ವಾದ್ಯ ಹಿಡಿದವನು ಕಾರಾವಾಜ್ಜೊನೇ ಅಂತ ಹೇಳುವವರಿದ್ದಾರೆ. ಎಡಗಡೆ ದ್ರಾಕ್ಷಿ ಕೀಳುತ್ತಿರುವವನು ಪ್ರೇಮದೇವತೆ ಕ್ಯುಪಿಡ್. ಅವನ ರೆಕ್ಕೆಯನ್ನು ಮುಂದೆ ಯಾವಾಗಲೋ ಬಣ್ಣ ಹಚ್ಚಿ ಮುಚ್ಚಿದ್ದರು. ಚಿತ್ರವನ್ನು ಸ್ವಚ್ಛ ಮಾಡಿದಾಗ ಮತ್ತೆ ಹೊರಗೆ ಬಂತು.

ಇಲ್ಲಿ ಬೆಳಕು ಮೆದು. ಹಿಂದೆ ಕಂದು ಬಣ್ಣ ಇದೆ, ಆದರೆ ಕಗ್ಗತ್ತಲಿಲ್ಲ. ರೋಮಿನ ಡೋರಿಯಾ ಪಂಫಿಲಿ ಗ್ಯಾಲರಿಯಲ್ಲಿರುವ 'ಈಜಿಪ್ಟಿಗೆ ಹೋಗುವ ದಾರಿಯಲ್ಲಿ ವಿಶ್ರಾಂತಿ' ಚಿತ್ರದಲ್ಲಂತೂ ವಯೊಲಿನ್ ನುಡಿಸುವ ದೇವದೂತ ಇರುವುದು ಬಯಲಿನಲ್ಲಿ. ಮುದುಕ ಜೋಸೆಫ್ ಹಾಡಿನ ಪುಸ್ತಕ ಹಿಡಿದು ಎದುರಿಗೆ ಕೂತಿದ್ದಾನೆ. ಸ್ಟ್ಯಾಂಡ್ ಬದಲು ಒಬ್ಬ ಮುದುಕ, ನನಗೆ ಅದು ತುಂಬಾ ಇಷ್ಟ.

ಕಗ್ಗತ್ತಲು ಬರುವುದು ಆಮೇಲೆ. 1599-1600ರಲ್ಲಿ ರೋಮಿನ ಸಾನ್ ಲೂಯಿಜಿ ದೇಯ್ ಫ್ರಾನ್ಸೇಸಿ ಚರ್ಚಿಗೆ ಬರೆದ 'ಸಂತ ಮತ್ತಾಯನ ಕರೆ' ಚಿತ್ರದಲ್ಲಿ ಬಲಗಡೆ ಮೇಲಿಂದ ಒಂದು ಬೆಳಕಿನ ಪಟ್ಟಿ ಗೋಡೆ ಮೇಲೆ ಓರೆಯಾಗಿ ಬೀಳುತ್ತದೆ. ಆ ಹೊತ್ತಿಗೆ ಅವನು ಹಾಡುವ ಹುಡುಗರನ್ನು ಬರೆಯುವುದು ಹೆಚ್ಚುಕಡಿಮೆ ಬಿಟ್ಟಿದ್ದ. ಆ ಕತ್ತಲನ್ನೂ ಈ ಹುಡುಗರನ್ನೂ ಒಟ್ಟಿಗೆ ತಂದವರು ಅವನನ್ನು ನೋಡಿ ಕಲಿತವರು: ವಾಲೆಂತೆನ್, ಹಾಂಟ್‌ಹೋರ್ಸ್ಟ್, ತೆರ್ ಬ್ರುಗೆನ್ ಮುಂತಾದವರು. ಹಾಗಾಗಿ 'ಕಾರಾವಾಜ್ಜೊ ಶೈಲಿಯ ಸಂಗೀತಗಾರರು' ಅಂತ ನಾವು ಹೇಳುವಾಗ ನಮ್ಮ ಮನಸ್ಸಿನಲ್ಲಿ ಇರುವುದು ಬಹಳ ಸಲ ಅವನ ಚಿತ್ರ ಅಲ್ಲ, ಅವರ ಚಿತ್ರ.

ಅಂಥ ಬೆಳಕನ್ನು ಸ್ಟುಡಿಯೋದಲ್ಲಿ ಹೇಗೆ ತರುತ್ತಿದ್ದರು?

ಕಾರಾವಾಜ್ಜೊನ ಕಾಲಕ್ಕೆ ಹತ್ತಿರ ಇದ್ದ ಜೂಲಿಯೊ ಮಂಚೀನಿ ಬರೆದಿಟ್ಟಿದ್ದಾನೆ: ಒಂದೇ ಕಿಟಕಿ ಇರುವ, ಗೋಡೆಗೆ ಕಪ್ಪು ಬಳಿದ ಕೋಣೆಯಲ್ಲಿ ಹೇಗಿರುತ್ತದೋ ಹಾಗೆ ಮೇಲಿಂದ ಒಂದೇ ಬೆಳಕು, ಬೇರೆ ಕಡೆಯಿಂದ ಪ್ರತಿಫಲನವೇ ಇಲ್ಲ. ಕೊನೆಯ ಮಾತು ಮುಖ್ಯ. ನಮ್ಮ ಮನೆಗಳಲ್ಲಿ ಸುಣ್ಣ ಹೊಡೆದ ಗೋಡೆ ಬೆಳಕನ್ನು ವಾಪಸು ಎಸೆಯುತ್ತದೆ. ಅದಕ್ಕೇ ನೆರಳಿನಲ್ಲಿ ಇರುವ ಕೆನ್ನೆಯೂ ಅಷ್ಟಿಷ್ಟು ಕಾಣುತ್ತದೆ. ಗೋಡೆ ಕಪ್ಪಾದರೆ ಆ ಕೆನ್ನೆ ಮಾಯ. 1672ರಲ್ಲಿ ಪುಸ್ತಕ ಬರೆದ ಬೆಲ್ಲೋರಿ, ಕಾರಾವಾಜ್ಜೊ ಮುಚ್ಚಿದ ಕೋಣೆಯಲ್ಲಿ ಎತ್ತರದಲ್ಲಿ ದೀಪ ಇಡುತ್ತಿದ್ದ ಅಂತ ಹೇಳುತ್ತಾನೆ.

ಇನ್ನೊಂದು ಸಂಗತಿ ಕೋರ್ಟಿನ ದಾಖಲೆಯಿಂದ ಸಿಗುತ್ತದೆ. 1605ರಲ್ಲಿ ಕಾರಾವಾಜ್ಜೊನ ಮನೆ ಮಾಲಕಿ ಅವನ ಮೇಲೆ ದೂರು ಕೊಟ್ಟಳು. ಬಾಡಿಗೆ ಬಾಕಿ ಒಂದು, ಮುಚ್ಚಿಗೆ ಒಡೆದದ್ದು ಇನ್ನೊಂದು. ಮೇಲಿಂದ ಬೆಳಕು ಬರಲಿ ಅಂತಲೋ, ದೊಡ್ಡ ಕ್ಯಾನ್ವಾಸಿಗೆ ಜಾಗ ಬೇಕು ಅಂತಲೋ ಮುಚ್ಚಿಗೆ ತೆಗೆಸಿರಬೇಕು ಅಂತ ಕಲೆಯ ಇತಿಹಾಸ ಬಲ್ಲವರು ಊಹಿಸುತ್ತಾರೆ.

ಅಷ್ಟು ಕತ್ತಲಿಗೆ ಬರೀ ಕಪ್ಪು ಬಣ್ಣ ಬಳಿಯುತ್ತಿದ್ದರಾ?

ಇಲ್ಲ. ನೀವು ಬರೆಯುವವರಾದರೆ ಇದನ್ನು ದಯವಿಟ್ಟು ನೆನಪಿಡಿ. ಟ್ಯೂಬಿನಿಂದ ಕಪ್ಪು ಹಿಂಡಿ ಬಳಿದರೆ ಚಿತ್ರಕ್ಕೆ ತೂತು ಬಿದ್ದ ಹಾಗೆ ಕಾಣುತ್ತದೆ.

ಕಾರಾವಾಜ್ಜೊ ಮತ್ತು ಅವನ ಹಿಂದೆ ಬಂದವರು ಕ್ಯಾನ್ವಾಸಿಗೆ ಮೊದಲೇ ಗಾಢ ಕಂದು, ಕೆಂಪು ಮಣ್ಣಿನ ಬಣ್ಣದ ಪದರ ಹಾಕುತ್ತಿದ್ದರು. ಅಂದರೆ ಶುರುವಿನಿಂದಲೇ ಅರ್ಧ ಕತ್ತಲು. ಬೆಳಕು ಬೀಳುವ ಜಾಗಕ್ಕೆ ಮಾತ್ರ ಸೀಸದ ಬಿಳಿಯನ್ನು ದಪ್ಪಗೆ ಕೂರಿಸುತ್ತಿದ್ದರು. ನಡುವಿನ ಮಬ್ಬು ಜಾಗದಲ್ಲಿ ಎಷ್ಟೋ ಕಡೆ ಕೆಳಗಿನ ಆ ಕಂದು ಪದರವನ್ನೇ ಹಾಗೇ ಬಿಟ್ಟಿದ್ದಾರೆ. ಬಿಳಿ ಹಾಳೆ ಮೇಲೆ ನೆರಳು ತುಂಬುವುದಕ್ಕೂ ಕತ್ತಲಿಂದ ಬೆಳಕನ್ನು ಎತ್ತಿ ತೆಗೆಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದವರಿಗೆ ಇದು ಕೂಡಲೇ ಅರ್ಥ ಆಗುತ್ತದೆ.

ಕಾರಾವಾಜ್ಜೊನದು ಅಂತ ಖಚಿತವಾಗಿ ಹೇಳಬಹುದಾದ ಒಂದು ಪೆನ್ಸಿಲ್ ರೇಖಾಚಿತ್ರವೂ ಉಳಿದಿಲ್ಲ. ಹಸಿ ಪದರದ ಮೇಲೆ ಮೊನಚಾದ ಯಾವುದರಿಂದಲೋ ಗೀರಿ ಗುರುತು ಮಾಡಿಕೊಳ್ಳುತ್ತಿದ್ದ. ಓರೆ ಬೆಳಕಲ್ಲಿ ನೋಡಿದರೆ ಆ ಗೀರುಗಳು ಇವತ್ತಿಗೂ ಕಾಣುತ್ತವೆ.

ಇನ್ನೊಂದು ಮಾತು. ಇವತ್ತು ನಾವು ನೋಡುವ ಕತ್ತಲು ಪೂರ್ತಿ ಅವರದಲ್ಲ. ಎಣ್ಣೆ ಬಣ್ಣ ಹಳೆಯದಾದ ಹಾಗೆ ಪಾರದರ್ಶಕವಾಗಿ, ಕೆಳಗಿನ ಗಾಢ ಪದರ ಮೇಲೆ ಕಾಣಿಸಿಕೊಳ್ಳುತ್ತದೆ. ವಾರ್ನಿಷ್ ಹಳದಿಗಟ್ಟುತ್ತದೆ. ಕೆಲವು ನೆರಳುಗಳು ಕಾಲ ಸೇರಿಸಿದ್ದು.

ಬೆಳಕು ಯಾವಾಗಲೂ ಕೈ ಮೇಲೆ ಯಾಕೆ ಬೀಳುತ್ತದೆ?

ಯಾವಾಗಲೂ ಅಲ್ಲ. ಆದರೆ ಒಳ್ಳೆಯ ಚಿತ್ರಗಳಲ್ಲಿ ಬೆಳಕು ನಾದ ಹುಟ್ಟುವ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ. ಬೆರಳ ತುದಿ, ಮಣಿಕಟ್ಟು, ಊದುವ ತುಟಿ, ಹಾಡುವವರ ಗಂಟಲು. ನನಗೆ ಈ ಚಿತ್ರಗಳ ಮೇಲೆ ಪ್ರೀತಿ ಹುಟ್ಟಿದ್ದೇ ಇದನ್ನು ಕಂಡುಕೊಂಡ ದಿನ. ಚಿತ್ರಕ್ಕೆ ಸದ್ದಿಲ್ಲ. ಚಿತ್ರಕಾರ ಏನು ಮಾಡಬಹುದು? ಸದ್ದು ಎಲ್ಲಿಂದ ಬರುತ್ತಿದೆ ಅಂತ ತೋರಿಸಿ, ಉಳಿದದ್ದನ್ನು ಆರಿಸಿಬಿಡಬಹುದು. ಸಂಗೀತ ಕೇಳುವಾಗ ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ, ಅಲ್ವಾ? ಆ ಕೆಲಸವನ್ನು ಇಲ್ಲಿ ಕತ್ತಲು ಮಾಡುತ್ತದೆ.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಒರಾಜಿಯೊ ಜೆಂಟಿಲೆಸ್ಕಿಯ 'ಲ್ಯೂಟ್ ನುಡಿಸುವವಳು', ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. 1610ರ ದಶಕದ ಚಿತ್ರ. ಅರಿಶಿನ-ಹೊನ್ನಿನ ಬಣ್ಣದ ಉಡುಪಿನ ಹೆಂಗಸು, ಮುಕ್ಕಾಲು ಪಾಲು ನಮಗೆ ಬೆನ್ನು ತಿರುಗಿಸಿ ಕೂತಿದ್ದಾಳೆ. ಲ್ಯೂಟನ್ನು ಎತ್ತಿ ಕಿವಿಗೆ ಹತ್ತಿರ ಹಿಡಿದಿದ್ದಾಳೆ. ನುಡಿಸುತ್ತಿಲ್ಲ, ಶ್ರುತಿ ಸೇರಿದೆಯಾ ಅಂತ ಕೇಳಿಸಿಕೊಳ್ಳುತ್ತಿದ್ದಾಳೆ. ಬೆಳಕು ಅವಳ ಕತ್ತು, ರವಿಕೆಯ ದಾರಗಳು, ತೋಳಿನ ಬಿಳಿ ಬಟ್ಟೆಯ ಮಡಿಕೆಗಳ ಮೇಲೆ ಜಾರಿ, ವಾದ್ಯದ ಹತ್ತಿರ ಬಂದು ನಿಲ್ಲುತ್ತದೆ. ಮೇಜಿನ ಮೇಲೆ ವಯೊಲಿನ್, ಹಾಡಿನ ಪುಸ್ತಕಗಳು ಬಿದ್ದಿವೆ. ಬೇರೆ ಯಾರಾದರೂ ಬರಬೇಕಿತ್ತೋ ಏನೋ. ವೀಣೆಯ ಬಿರಡೆ ತಿರುಗಿಸಿ, ಒಂದು ಸಲ ಮೀಟಿ, ಕಿವಿ ಕೊಟ್ಟು, ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದವರಿಗೆ ಆ ಕತ್ತಿನ ಬಾಗು ಎಲ್ಲವನ್ನೂ ಹೇಳುತ್ತದೆ. ಆ ಹೊತ್ತಲ್ಲಿ ಉಸಿರು ಸಹ ಬಿಗಿಹಿಡಿದಿರುತ್ತೇವೆ. ಈ ಚಿತ್ರವೂ ಉಸಿರು ಬಿಗಿಹಿಡಿದಿದೆ.

ಎಲ್ಲಾ ಚಿತ್ರದಲ್ಲೂ ಲ್ಯೂಟ್ ಯಾಕೆ?

ಮೊದಲನೆಯದು, ಆಗ ಅದು ಮನೆಮನೆಯ ವಾದ್ಯ, ಅದರಲ್ಲೂ ಅನುಕೂಲಸ್ಥರ ಮನೆಗಳಲ್ಲಿ. ಎರಡನೆಯದು, ಅದರ ಆಕಾರ. ಮುಂದೆ ಚಪ್ಪಟೆ ಹಲಗೆ, ಹಿಂದೆ ಪೇರಳೆ ಹಣ್ಣನ್ನು ಸೀಳಿದಂಥ ಹೊಟ್ಟೆ. ತೆಳು ಮರದ ಪಟ್ಟಿಗಳನ್ನು ಬಾಗಿಸಿ ಪಕ್ಕ ಪಕ್ಕ ಅಂಟಿಸಿ ಆ ಹೊಟ್ಟೆ ಮಾಡುತ್ತಾರೆ. ಬಿರಡೆ ಇರುವ ತಲೆ ಹಿಂದಕ್ಕೆ ಚಕ್ಕನೆ ಮಡಚಿಕೊಂಡಿರುತ್ತದೆ. ಬೆಳಕು ಬಿದ್ದರೆ ಹಲಗೆ ಪೂರ್ತಿ ಹೊಳೆಯುತ್ತದೆ, ಹೊಟ್ಟೆಯ ಒಂದೊಂದು ಪಟ್ಟಿಯೂ ಒಂದೊಂದು ಬಗೆಯ ಕಂದಾಗುತ್ತದೆ. ನೆರಳು-ಬೆಳಕು ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ.

ಕೆಲವು ಚಿತ್ರಗಳಲ್ಲಿ ಒಂದು ತಂತಿ ಕಡಿದಿರುತ್ತದೆ. ಪ್ರಾಣಿಯ ಕರುಳಿನಿಂದ ಮಾಡಿದ ತಂತಿ, ಬೇಗ ಕಡಿಯುತ್ತಿತ್ತು. ಬಾಳು ನಿಲ್ಲುವುದಿಲ್ಲ ಅನ್ನುವುದಕ್ಕೆ ಅದೇ ಗುರುತಾಯಿತು.

ಚಿತ್ರದೊಳಗಿನ ಹಾಡಿನ ಪುಸ್ತಕ ಓದಬಹುದಾ? ನಿಜವಾದ ಸ್ವರಗಳಾ?

ಕೆಲವು ನಿಜವಾದವು, ಇವತ್ತೂ ಹಾಡಬಹುದು. ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್‌ನಲ್ಲಿರುವ ಕಾರಾವಾಜ್ಜೊನ 'ಲ್ಯೂಟ್ ನುಡಿಸುವವನು' ಚಿತ್ರದಲ್ಲಿ ತೆರೆದಿರುವುದು ಜಾಕ್ ಆರ್ಕಡೆಲ್ಟ್ ಎಂಬ ಸಂಗೀತಕಾರನ ಪ್ರೇಮಗೀತೆ. ಹುಡುಗ ಬಾಯಿ ಅರ್ಧ ತೆರೆದಿದ್ದಾನೆ. ಬೆಳಕು ಅವನ ಬಿಳಿ ಅಂಗಿ ಮೇಲೆ, ಬೆರಳ ಮೇಲೆ, ಆಮೇಲೆ ಆ ಹಾಳೆಯ ಮೇಲೆ. ಅದೇ ಚಿತ್ರದಲ್ಲಿ ಹೂವಿನ ಗಾಜಿನ ಪಾತ್ರೆ ನೋಡಿ. ಆ ಕಾಲದ ಚಿತ್ರಕಾರ ಬಾಲ್ಯೋನೆ, ಕಾರಾವಾಜ್ಜೊನಿಗೆ ಆಗದವನು, ಅಂಥವನೇ ಆ ನೀರು ತುಂಬಿದ ಪಾತ್ರೆಯನ್ನೂ ಅದರಲ್ಲಿ ಕಾಣುವ ಕಿಟಕಿಯ ಪ್ರತಿಬಿಂಬವನ್ನೂ ಮೆಚ್ಚಿ ಬರೆದಿದ್ದಾನೆ. ಚಿತ್ರದ ಹೊರಗಿರುವ ಕಿಟಕಿ ನಮಗೆ ಕಾಣುವುದು ಆ ಪಾತ್ರೆಯಲ್ಲಿ ಮಾತ್ರ.

ಮೇಣದಬತ್ತಿ ಬೆಳಕಿನ ಚಿತ್ರಗಳನ್ನು ಯಾರು ಬರೆದರು?

ಹಾಲೆಂಡಿನ ಊಟ್ರೆಕ್ಟ್ ಊರಿನವರು. ಚಿತ್ರಕಲೆ ಕಲಿಯಲು ರೋಮಿಗೆ ಹೋಗಿ, ಕಾರಾವಾಜ್ಜೊನ ಚಿತ್ರಗಳನ್ನು ನೋಡಿ, ಊರಿಗೆ ಮರಳಿದರು. ತೆರ್ ಬ್ರುಗೆನ್ 1614ರಲ್ಲಿ, ಹಾಂಟ್‌ಹೋರ್ಸ್ಟ್ 1620ರಲ್ಲಿ. ಹಾಂಟ್‌ಹೋರ್ಸ್ಟ್‌ಗೆ ಇಟಲಿಯವರು ಇಟ್ಟ ಹೆಸರು 'ಗೆರಾರ್ದೊ ದೆಲ್ಲೆ ನೊತ್ತಿ'. ರಾತ್ರಿಗಳ ಗೆರಾರ್ದೊ ಅಂತ.

ಅವನಿಗೊಂದು ಜಾಣತನ ಇತ್ತು. ಮೇಣದಬತ್ತಿಯ ಮುಂದೆ ಯಾರನ್ನಾದರೂ ಕೂರಿಸಿಬಿಡುತ್ತಿದ್ದ. ಉರಿ ನಮಗೆ ಕಾಣುವುದಿಲ್ಲ. ಮುಂದಿನವನು ಪೂರ್ತಿ ಕಪ್ಪು ಆಕಾರ, ಅವನ ಅಂಚು ಮಾತ್ರ ಹೊಳೆಯುತ್ತದೆ, ಎದುರಿನವರ ಮುಖ ಬೆಳಗುತ್ತದೆ. ಕರೆಂಟು ಹೋದಾಗ ಬತ್ತಿಯ ಸುತ್ತ ಕೂತ ಮನೆಮಂದಿಯನ್ನು ಬಾಗಿಲಲ್ಲಿ ನಿಂತು ನೋಡಿದ್ದೀರಾ? ಅದೇ ನೋಟ.

ತೆರ್ ಬ್ರುಗೆನ್‌ನ 'ಸಂಗೀತ ಗೋಷ್ಠಿ' ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಸುಮಾರು 1626ರದ್ದು. ಇದರಲ್ಲಿ ಎರಡು ದೀಪ: ಮೇಜಿನ ಮೇಲೆ ಮೇಣದಬತ್ತಿ, ಗೋಡೆಯಲ್ಲಿ ಎಣ್ಣೆದೀಪ. ಹಿಂದಿನ ಗೋಡೆಯೂ ಕಪ್ಪಲ್ಲ, ತಿಳಿ. ಕೊಳಲು, ಲ್ಯೂಟ್ ಹಿಡಿದವರ ನಡುವೆ ಹಾಡುವ ಹುಡುಗ ಇದ್ದಾನೆ. ಹಾಂಟ್‌ಹೋರ್ಸ್ಟ್‌ಗಿಂತ ಇವನೇ ನನಗೆ ಹತ್ತಿರ. ಹಾಂಟ್‌ಹೋರ್ಸ್ಟ್ ಬೆಳಕಿನ ಆಟ ತೋರಿಸುತ್ತಾನೆ, ತೆರ್ ಬ್ರುಗೆನ್ ಬೆಳಕಲ್ಲಿ ಕೂತ ಜನರನ್ನು ತೋರಿಸುತ್ತಾನೆ.

ಹೆಂಗಸರು ಇಂಥ ಚಿತ್ರ ಬರೆದಿದ್ದಾರಾ?

ಬರೆದಿದ್ದಾರೆ, ಅದೂ ಬಹಳ ಚೆನ್ನಾಗಿ.

ಆರ್ಟೆಮಿಸಿಯಾ ಜೆಂಟಿಲೆಸ್ಕಿ ಮೇಲೆ ಹೇಳಿದ ಒರಾಜಿಯೊನ ಮಗಳು. ಫ್ಲಾರೆನ್ಸಿನಲ್ಲಿದ್ದಾಗ, 1615-18ರ ಸುಮಾರಿಗೆ, ತನ್ನನ್ನೇ ಲ್ಯೂಟ್ ನುಡಿಸುವವಳಾಗಿ ಬರೆದುಕೊಂಡಳು. ಅಮೆರಿಕದ ಹಾರ್ಟ್‌ಫರ್ಡಿನ ವಾಡ್ಸ್‌ವರ್ತ್ ಅಥೀನಿಯಂನಲ್ಲಿದೆ. ನೀಲಿ ಉಡುಪು, ಹಿಂದೆ ಕತ್ತಲು, ನೇರವಾಗಿ ನಮ್ಮನ್ನು ನೋಡುವ ಕಣ್ಣು. ಅಪ್ಪನ ಚಿತ್ರದಲ್ಲಿ ಹೆಂಗಸು ನಮಗೆ ಬೆನ್ನು ಹಾಕಿ ತನ್ನಷ್ಟಕ್ಕೆ ಕೇಳಿಸಿಕೊಳ್ಳುತ್ತಾಳೆ. ಮಗಳ ಚಿತ್ರದಲ್ಲಿ ಹೆಂಗಸು ಮುಖ ತಿರುಗಿಸಿ ನಾವು ಯಾರು ಅಂತ ನೋಡುತ್ತಾಳೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹಾರ್ಲೆಮ್ ಊರಿನ ಜೂಡಿತ್ ಲೈಸ್ಟರ್ (1609-1660) ಇನ್ನೊಬ್ಬಳು. ಅವಳ 'ಸೆರೆನೇಡ್' ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ, 1629ರ ಚಿತ್ರ. ರಾತ್ರಿ ಹೊತ್ತು ಲ್ಯೂಟ್ ನುಡಿಸುತ್ತಾ ಮೇಲೆ ನೋಡುವ ಗಂಡಸು. ಬೆಳಕು ಕೆಳಗಿನಿಂದ ಬರುತ್ತದೆ, ದೀಪ ಚಿತ್ರದಲ್ಲಿ ಇಲ್ಲ. ಕೆಳಗಿನ ಬೆಳಕು ಮುಖವನ್ನು ವಿಕಾರ ಮಾಡುವುದೇ ಜಾಸ್ತಿ. ಟಾರ್ಚನ್ನು ಗದ್ದದ ಕೆಳಗೆ ಹಿಡಿದು ತಮ್ಮಂದಿರನ್ನು ಹೆದರಿಸಿದವರಿಗೆ ಗೊತ್ತು. ಇವಳ ಕೈಯಲ್ಲಿ ಅದೇ ಬೆಳಕು ಆಸೆ ಹೊತ್ತ ಮುಖವಾಗುತ್ತದೆ. ಆಗ ಅವಳಿಗೆ 20 ವರ್ಷ.

ಅವಳು ಸತ್ತ ಮೇಲೆ ಅವಳ ಚಿತ್ರಗಳು ಅದೇ ಊರಿನ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಹೆಸರಿನಲ್ಲಿ ಮಾರಾಟವಾದವು. 1893ರಲ್ಲಿ ಒಂದು ಚಿತ್ರದ ಮೇಲೆ ಅವಳ ಸಹಿ ಸಿಕ್ಕಿತು: ಅಕ್ಷರಗಳ ಜೊತೆ ಒಂದು ನಕ್ಷತ್ರ. ಲೈಸ್ಟರ್ ಅಂದರೆ ದಾರಿ ತೋರಿಸುವ ನಕ್ಷತ್ರ. ಇಷ್ಟು ಕಾಲ ಅದು ಅಲ್ಲೇ ಇತ್ತು, ಯಾರೂ ನೋಡಿರಲಿಲ್ಲ. ಈ ಮಾತು ನೆನೆದಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಬೀದಿಯಲ್ಲಿ ಹಾಡುವ ಬಡವರನ್ನು ಯಾರೂ ಬರೆಯಲಿಲ್ವಾ?

ಜಾರ್ಜ್ ದ ಲಾ ತೂರ್ (1593-1652) ಬರೆದ. ಲೊರೇನ್ ಸೀಮೆಯವನು. ಅವನ ವಾದಕರು ನುಡಿಸುವುದು ಹರ್ಡಿ-ಗರ್ಡಿ. ಒಂದು ಕೈಯಲ್ಲಿ ಹಿಡಿ ತಿರುಗಿಸಿದರೆ ಒಳಗಿನ ಚಕ್ರ ತಂತಿಗಳನ್ನು ಉಜ್ಜುತ್ತದೆ. ಕೆಲವು ತಂತಿಗಳು ನಮ್ಮ ತಂಬೂರಿಯ ಹಾಗೆ ಒಂದೇ ಶ್ರುತಿ ಹಿಡಿದಿರುತ್ತವೆ. ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿ ರಾಗ ನುಡಿಸಬೇಕು. ಭಿಕ್ಷೆ ಬೇಡುವ ಕುರುಡರ ವಾದ್ಯ ಅಂತಲೇ ಆಗ ಹೆಸರು.

ಫ್ರಾನ್ಸಿನ ನಾಂತ್ ಊರಿನ ಮ್ಯೂಸಿಯಂನಲ್ಲಿರುವ ಚಿತ್ರದಲ್ಲಿ ಮುದುಕನೊಬ್ಬ ಕಣ್ಣು ಮುಚ್ಚಿ, ಬಾಯಿ ಅಗಲ ತೆರೆದು ಹಾಡುತ್ತಿದ್ದಾನೆ. ಬೆಳಕು ಹಗಲಿನದು, ತಣ್ಣಗೆ, ಕರುಣೆ ಇಲ್ಲದ್ದು. ಹಣೆಯ ಸುಕ್ಕು, ಬಾಯೊಳಗಿನ ಕತ್ತಲು ಎಲ್ಲಾ ಕಾಣುತ್ತದೆ. ವಾದ್ಯದ ಮೇಲೆ ಒಂದು ನೊಣ ಕೂತಿದೆ. ಆ ನೊಣದಷ್ಟು ಗಮನವನ್ನೇ ಅವನ ಹಲ್ಲಿಗೂ ಕೊಟ್ಟಿದ್ದಾನೆ ಲಾ ತೂರ್. ಈ ಚಿತ್ರವನ್ನು ಬಹಳ ಕಾಲ ಸ್ಪೇನಿನ ಚಿತ್ರಕಾರರದ್ದು ಅಂದುಕೊಂಡಿದ್ದರು. ಲಾ ತೂರ್ ಎಂಬ ಹೆಸರನ್ನೇ ಜನ ಮರೆತಿದ್ದರು. 1915ರಲ್ಲಿ ಹರ್ಮನ್ ವಾಸ್ ಎಂಬ ಜರ್ಮನ್ ವಿದ್ವಾಂಸ ಅವನನ್ನು ಮತ್ತೆ ಬೆಳಕಿಗೆ ತಂದ.

ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂನಲ್ಲಿ ಅವನದೇ 'ವಾದಕರ ಜಗಳ' ಇದೆ. ಒಬ್ಬ ಚಾಕು ಹಿಡಿದಿದ್ದಾನೆ, ಇನ್ನೊಂದು ಕೈಯಲ್ಲಿ ಹರ್ಡಿ-ಗರ್ಡಿಯ ಹಿಡಿ. ಎದುರಿನವನು ಅವನ ಕಣ್ಣಿಗೆ ನಿಂಬೆಹಣ್ಣು ಹಿಂಡುತ್ತಿದ್ದಾನೆ, ನಿಜವಾಗಿ ಕುರುಡನೋ ಅಲ್ಲವೋ ನೋಡೋಣ ಅಂತ. ಪಕ್ಕದಲ್ಲಿ ಒಬ್ಬ ಹಲ್ಲು ಕಿರಿದು ನಮ್ಮತ್ತ ನೋಡುತ್ತಿದ್ದಾನೆ. ಎಡಗಡೆಯ ಮುದುಕಿಯ ಮುಖ ನೋಡಿದರೆ ಸಂಕಟವಾಗುತ್ತದೆ. ಬೆಳಕು ಇಲ್ಲಿ ಯಾರ ಪರವೂ ಇಲ್ಲ.

ಆ ಕಾಲದ ಸಂಗೀತಕ್ಕೂ ಈ ನೆರಳು-ಬೆಳಕಿಗೂ ಸಂಬಂಧ ಇದೆಯಾ?

ಒಂದರಿಂದ ಇನ್ನೊಂದು ಹುಟ್ಟಿತು ಅನ್ನಲಾರೆ. ಆದರೆ ಒಟ್ಟಿಗೆ ನಡೆದದ್ದು ನಿಜ. ಅದಕ್ಕೆ ಮೊದಲು ನಾಲ್ಕೈದು ದನಿಗಳು ಸಮಸಮವಾಗಿ ಹೆಣೆದುಕೊಂಡು ಹಾಡುವುದು ರೂಢಿ. 1600ರ ಹೊತ್ತಿಗೆ ಫ್ಲಾರೆನ್ಸಿನಲ್ಲಿ ಹೊಸ ರೀತಿ ಬಂತು: ಒಂದೇ ದನಿ ಮುಂದೆ, ಲ್ಯೂಟ್ ಅಥವಾ ಕೀಬೋರ್ಡ್ ವಾದ್ಯ ಹಿಂದೆ ತಗ್ಗಿ ಆಸರೆ ಕೊಡುವುದು. ಸಂಗೀತಕಾರ ಕಚ್ಚೀನಿ ಇಂಥ ಹಾಡುಗಳ ಪುಸ್ತಕವನ್ನು 1602ರಲ್ಲಿ ಅಚ್ಚು ಹಾಕಿಸಿದ. 1607ರಲ್ಲಿ ಮಾಂತುವಾದಲ್ಲಿ ಮೊಂತೆವೆರ್ದಿಯ ಒಪೆರಾ (ಹಾಡಿನ ನಾಟಕ) 'ಓರ್ಫೆಯೊ' ಆಡಿದರು. ಒಬ್ಬನೇ ನಿಂತು ತನ್ನ ದುಃಖ ಹೇಳಿಕೊಳ್ಳುವ ಹಾಡು. ಒಂದು ಮುಖದ ಮೇಲೆ ಬೆಳಕು, ಹಿಂದೆ ಗಾಢ ಕಂದು. ಒಂದು ದನಿ ಮೇಲೆ, ಕೆಳಗೆ ಮಂದ್ರದ ಆಸರೆ. ಕಚೇರಿಯಲ್ಲಿ ತಂಬೂರಿ ಹಿಂದೆ ಇಟ್ಟುಕೊಂಡು ಆಲಾಪನೆ ಕೇಳಿದ ಕಿವಿಗೆ ಇದು ಹೊಸದೇನಲ್ಲ.

ರೆಂಬ್ರಾಂಟ್ ಸಂಗೀತಗಾರರನ್ನು ಬರೆದಿದ್ದಾನಾ?

ಹೌದು, ಹಾಲೆಂಡಿನ ಈ ಚಿತ್ರಕಾರನೂ ಬರೆದಿದ್ದಾನೆ. ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿರುವ 'ಸೌಲ್ ಮತ್ತು ದಾವೀದ' ನೋಡಲೇಬೇಕು. ಬೈಬಲ್ಲಿನ ಕಥೆ: ರಾಜ ಸೌಲನಿಗೆ ಮನಸ್ಸಿನ ಬೇಗೆ. ಹುಡುಗ ದಾವೀದ ಹಾರ್ಪ್ ನುಡಿಸಿದರೆ ಅದು ತಣಿಯುತ್ತದೆ. ಬಲಗಡೆ ಕೆಳಗೆ ಹುಡುಗ, ತಂತಿಗಳ ಮೇಲೆ ಕೈ. ಎಡಗಡೆ ದೊಡ್ಡ ರುಮಾಲಿನ ರಾಜ. ಅವನು ಪಕ್ಕದ ಪರದೆಯನ್ನೇ ಎಳೆದು ಒಂದು ಕಣ್ಣು ಒರೆಸಿಕೊಳ್ಳುತ್ತಿದ್ದಾನೆ. ಇನ್ನೊಂದು ಕಣ್ಣು ಮಾತ್ರ ನಮಗೆ ಕಾಣುವುದು. ಕೈಯಲ್ಲಿ ಭರ್ಜಿ ಇದೆ, ಹಿಡಿತ ಸಡಿಲ. ಇಬ್ಬರ ನಡುವೆ ಬರೀ ಗಾಢ ಪರದೆ. ಸಂಗೀತ ಅದನ್ನು ದಾಟಿ ಹೋಗಿದೆ ಅಂತ ಆ ಕಣ್ಣೀರಿನಿಂದ ಗೊತ್ತಾಗುತ್ತದೆ.

ಈ ಕ್ಯಾನ್ವಾಸನ್ನು 19ನೇ ಶತಮಾನದಲ್ಲಿ ಯಾರೋ ಕತ್ತರಿಸಿ ಎರಡು ಮಾಡಿ, ಆಮೇಲೆ ಮತ್ತೆ ಜೋಡಿಸಿದ್ದಾರೆ. ಈಗ ಅದರಲ್ಲಿ ಒಟ್ಟು 15 ತುಂಡುಗಳಿವೆ. 1969ರಲ್ಲಿ ಇದು ರೆಂಬ್ರಾಂಟನದಲ್ಲ ಅಂದರು. ಬಹಳ ವರ್ಷ ಪರೀಕ್ಷೆ ನಡೆಸಿ 2015ರಲ್ಲಿ ಮ್ಯೂಸಿಯಂ ಮತ್ತೆ ಅವನದೇ ಅಂದಿತು.

ವರ್ಮೀರ್?

ಅವನೂ ಹಾಲೆಂಡಿನ ಚಿತ್ರಕಾರ, ಆದರೆ ಅವನ ಬೆಳಕು ಬೇರೆ. ಎಡಗಡೆ ಕಿಟಕಿಯ ತಂಪು ಹಗಲು, ಬಿಳಿ ಗೋಡೆ. ಟೆನೆಬ್ರಿಸಂ ಅಲ್ಲ. ಆದರೆ ಅವನ 'ಸಂಗೀತ ಗೋಷ್ಠಿ' ಚಿತ್ರದ ಗೋಡೆಯಲ್ಲಿ ಊಟ್ರೆಕ್ಟಿನ ಬಾಬ್ಯುರೆನ್ 1622ರಲ್ಲಿ ಬರೆದ ಲ್ಯೂಟ್ ಹುಡುಗಿಯ ಚಿತ್ರ ತೂಗುಹಾಕಿದೆ. ಆ ವರ್ಮೀರ್ ಚಿತ್ರ 1990ರ ಮಾರ್ಚ್ 18ರಂದು ಬಾಸ್ಟನ್ನಿನ ಗಾರ್ಡ್ನರ್ ಮ್ಯೂಸಿಯಂನಿಂದ ಕಳುವಾಯಿತು.

ಪ್ರಿಂಟ್ ತರಿಸಿದೆ, ಎಲ್ಲಾ ಕಪ್ಪಾಗಿದೆ. ಯಾಕೆ?

ನನಗೂ ಹೀಗೇ ಆಗಿತ್ತು. ಆನ್‌ಲೈನ್‌ನಲ್ಲಿ ಒಂದು ಕಡೆಯಿಂದ ಹಾಂಟ್‌ಹೋರ್ಸ್ಟ್ ಪ್ರಿಂಟ್ ತರಿಸಿದೆ. ಬಿಚ್ಚಿದರೆ ಎರಡು ಮುಖ, ಒಂದು ಕೈ, ಉಳಿದದ್ದು ಡಾಂಬರು. ಹಿಂದೆ ನಿಂತ ಮನುಷ್ಯನೇ ಇಲ್ಲ! ಮೂಲದಲ್ಲಿ ಆ ಕತ್ತಲು ಎಣ್ಣೆ ಬಣ್ಣದ ತೆಳು ಪದರಗಳು, ಬೆಳಕು ಒಳಗೆ ಹೋಗಿ ಹೊರಗೆ ಬರುತ್ತದೆ. ಕಾಗದದ ಮೇಲೆ ಆ ಆಳ ಬರುವುದಿಲ್ಲ. ಸಣ್ಣ ಫೈಲಿನಿಂದ ಅಚ್ಚು ಹಾಕಿದ್ದರಂತೂ ನೆರಳಿನ ವಿವರ ಪೂರ್ತಿ ಹೋಗಿರುತ್ತದೆ. ಮೆಟ್ರೊಪಾಲಿಟನ್, ವಾಷಿಂಗ್ಟನ್ ನ್ಯಾಷನಲ್ ಗ್ಯಾಲರಿ, ಗೆಟ್ಟಿ, ರೈಕ್ಸ್‌ಮ್ಯೂಸಿಯಂ ತಮ್ಮ ಹಳೆಯ ಚಿತ್ರಗಳ ದೊಡ್ಡ ಫೈಲುಗಳನ್ನು ಪುಕ್ಕಟೆ ಕೊಡುತ್ತವೆ. ಅದನ್ನು ಇಳಿಸಿಕೊಂಡು, ಮೊದಲು ಸಣ್ಣ ಅಳತೆಯಲ್ಲಿ ಒಂದು ಪ್ರತಿ ತೆಗೆಸಿ ನೋಡಿ.

ಕರ್ನಾಟಕದಲ್ಲಿ ಇಂಥದ್ದು ನೋಡಲು ಸಿಗುತ್ತಾ?

ಮೇಲೆ ಹೇಳಿದ ಯಾವ ಚಿತ್ರವೂ ಇಲ್ಲಿಲ್ಲ. ಆದರೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಎಸ್. ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸು, 'ಗ್ಲೋ ಆಫ್ ಹೋಪ್', ಇದೆ. ತುಂಬಾ ಜನ ಅದನ್ನು ರವಿವರ್ಮನದು ಅಂದುಕೊಂಡಿದ್ದಾರೆ. 1940ರ ದಶಕದ ಜಲವರ್ಣ ಅದು. ದೀಪಕ್ಕೆ ಕೈ ಅಡ್ಡ ಹಿಡಿದಿದ್ದಾಳೆ, ಬೆರಳ ಸಂದಿ ಕೆಂಪಗೆ ಹೊಳೆಯುತ್ತದೆ. ಪ್ಯಾರಿಸಿನ ಲೂವ್ರ್‌ನಲ್ಲಿರುವ ಲಾ ತೂರ್‌ನ 'ಬಡಗಿ ಜೋಸೆಫ್' ಚಿತ್ರದಲ್ಲಿ ಬಾಲ ಯೇಸುವೂ ಹೀಗೇ ಬತ್ತಿಗೆ ಕೈ ಅಡ್ಡ ಹಿಡಿದಿದ್ದಾನೆ. ಶಾಲೆಯ ಪ್ರವಾಸದಲ್ಲಿ ಹಲ್ದಂಕರ್ ಚಿತ್ರ ನೋಡಿದಾಗ ಅದರ ಹಿಂದೆ ನಿಜವಾಗಿ ದೀಪ ಇಟ್ಟಿದ್ದಾರೆ ಅಂತ ನಂಬಿದ್ದೆ.

ಅದೇ ಅರಮನೆಯಲ್ಲಿ ರವಿವರ್ಮನ 11 ಹೆಂಗಸರ ಸಂಗೀತ ಗೋಷ್ಠಿಯ ಚಿತ್ರವೂ ಇದೆ. ಯುರೋಪಿನ ತೈಲವರ್ಣದ ರೀತಿಯೇ, ಆದರೆ ಬೆಳಕು ಎಲ್ಲರಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿದೆ. ಹನ್ನೊಂದು ಜನರ ಸೀರೆ, ಒಡವೆ ಎಲ್ಲಾ ಕಾಣಬೇಕಲ್ಲ.

ಮನೆಯಲ್ಲಿ ಹೀಗೆ ಫೋಟೋ ತೆಗೆಯಬಹುದಾ?

ಖಂಡಿತ. ಒಂದೇ ಕಿಟಕಿ ತೆರೆದಿಡಿ, ಅದರ ಕೆಳಗಿನ ಬಾಗಿಲು ಮುಚ್ಚಿ, ಬೆಳಕು ಮೇಲಿಂದ ಓರೆಯಾಗಿ ಬರಲಿ. ಹಿಂದೆಯೂ ಪಕ್ಕದಲ್ಲೂ ಕರಿ ಕಂಬಳಿ ನೇತುಹಾಕಿ. ಪಕ್ಕದ ಕಂಬಳಿಯೇ ಮುಖ್ಯ, ಮಂಚೀನಿ ಹೇಳಿದ ಕಪ್ಪು ಗೋಡೆ ಅದು. ಫೋನಿನಲ್ಲಿ ಬೆಳಗಿದ ಕೈಯ ಮೇಲೆ ಬೆರಳು ಒತ್ತಿ, ಬ್ರೈಟ್‌ನೆಸ್ ಕೆಳಗಿಳಿಸಿ. ಫ್ಲ್ಯಾಷ್ ಬೇಡವೇ ಬೇಡ. ಅಕ್ಕನ ಮಗಳನ್ನು ವಯೊಲಿನ್ ಜೊತೆ ಹೀಗೆ ಕೂರಿಸಿದ್ದೆ. ಅವಳು ಕ್ಯಾಮೆರಾ ನೋಡುತ್ತಿದ್ದಷ್ಟು ಹೊತ್ತು ಒಂದೂ ಚೆನ್ನಾಗಿ ಬರಲಿಲ್ಲ. 'ಸುಮ್ನೆ ಶ್ರುತಿ ಮಾಡ್ಕೋ ಪುಟ್ಟಿ' ಅಂದೆ. ಆಗ ಬಂತು.

ವಾದ್ಯಗಳಿವೆ, ಆದರೆ ನುಡಿಸುವವರೇ ಇಲ್ಲ. ಅಂಥ ಚಿತ್ರಗಳೂ ಇದರಲ್ಲಿ ಸೇರುತ್ತವಾ?

ನನ್ನ ಮಟ್ಟಿಗೆ ಸೇರುತ್ತವೆ. ಇಟಲಿಯ ಬೆರ್ಗಾಮೊದ ಎವಾರಿಸ್ಟೊ ಬಾಸ್ಕೆನಿಸ್ (1617-1677) ಒಬ್ಬ ಪಾದ್ರಿ. ಅವನು ಹೆಚ್ಚಾಗಿ ಬರೆದದ್ದು ವಾದ್ಯಗಳನ್ನೇ. ವಯೊಲಿನ್ ಮಾಡುವ ಅಮಾಟಿ ಮನೆತನದ ಕ್ರೆಮೋನಾ ಊರು ಅವನಿಗೆ ದೂರವಿರಲಿಲ್ಲ. ಗಾಢವಾದ ಹಿನ್ನೆಲೆ, ಮೇಜು, ಅದರ ಮೇಲೆ ಮಗುಚಿ ಹಾಕಿದ ಲ್ಯೂಟುಗಳು. ಅವುಗಳ ದುಂಡು ಬೆನ್ನು ನಮ್ಮ ಕಡೆಗೆ. ಬೆಳಕು ಓರೆಯಾಗಿ ಸವರಿಕೊಂಡು ಹೋಗುತ್ತದೆ.

ಹತ್ತಿರ ಹೋಗಿ ನೋಡಿದರೆ ಆ ಬೆನ್ನಿನ ಮೇಲೆ ತೆಳ್ಳಗೆ ಧೂಳು ಕೂತಿದೆ. ಧೂಳಿನ ನಡುವೆ ಯಾರೋ ಬೆರಳು ಎಳೆದ ಗೆರೆಗಳು.